ಗುಂಡಿ ತೆಗೆಯುವವನಿಗೆ ಹೇಳಿದ ಕಥೆ

ಈ ಬರಹವನ್ನು ನೀವು ಫೋನಿನಲ್ಲಿ ಓದುತ್ತಿದ್ದೀರಿ. ನನ್ನ ಗೆಳೆಯ ಗಿಡ್ಡನ ಹತ್ತಿರವೂ ಫೋನಿದೆ, ನನ್ನದಕ್ಕಿಂತ ಒಳ್ಳೆಯದು. ಆದರೆ ಅವನು ಇದನ್ನು ಓದಲಾರ. ಹಾಗಾಗಿ ಇಲ್ಲಿ ಹಾಕುವ ಮೊದಲೇ ಪೂರ್ತಿ ಓದಿ ಕೇಳಿಸಿದ್ದೇನೆ. ಎರಡು ಕಡೆ ತಿದ್ದಿಸಿದ. ಅವನ ನಿಜವಾದ ಹೆಸರು ಬೇಡ ಅಂದ. ಊರಲ್ಲಿ ಎಲ್ಲರೂ ಕರೆಯುವುದು ಗಿಡ್ಡ ಅಂತಲೇ, ಅದೇ ಇರಲಿ ಅಂದ.

ಹೋದ ವರ್ಷ ಯಾವುದೋ ಎರಡು ದಿನದ ತರಬೇತಿಗೆಂದು ಬೆಂಗಳೂರಿಗೆ ಹೋಗಿದ್ದೆ. ವಾಪಸ್ ಬರುವಾಗ ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಐವತ್ತು ರೂಪಾಯಿಗೆ ಒಂದು ಇಂಗ್ಲಿಷ್ ಪುಸ್ತಕ ಕೊಂಡೆ. ಕಥೆ ಓದುವ ಆಸೆಯಿಂದ ಅಲ್ಲ. ಡೆಸ್ಕಿನಿಂದ ಬರುವ ಇ-ಮೇಲ್‌ಗಳು ಇಂಗ್ಲಿಷಿನಲ್ಲಿರುತ್ತವೆ, ಅವುಗಳನ್ನು ಓದುವಾಗ ಪ್ರತಿ ಸಲ ಒಳಗೊಳಗೇ ಹೆದರುತ್ತೇನೆ. ಮಕ್ಕಳ ಪುಸ್ತಕವಾದರೆ ಭಾಷೆ ಸುಲಭವಿರುತ್ತದೆ, ಅಭ್ಯಾಸವಾಗಲಿ ಎಂದುಕೊಂಡೆ. ಹದಿಹರೆಯದವರಿಗೆಂದು ಬರೆದ ಕಾದಂಬರಿ ಅದು. ಹೆಸರು 'ಹೋಲ್ಸ್', ಅಂದರೆ ಗುಂಡಿಗಳು. ಬರೆದವರು ಅಮೆರಿಕದ ಲೂಯಿಸ್ ಸಾಕರ್. 1998ರಲ್ಲಿ ಬಂತು, ಅದೇ ವರ್ಷ ಮಕ್ಕಳ ಮತ್ತು ಹದಿಹರೆಯದವರ ಸಾಹಿತ್ಯಕ್ಕಾಗಿ ಅಲ್ಲಿನ ನ್ಯಾಷನಲ್ ಬುಕ್ ಅವಾರ್ಡ್, ಮರುವರ್ಷ ನ್ಯೂಬೆರಿ ಪದಕ. 2003ರಲ್ಲಿ ಸಿನಿಮಾನೂ ಆಯಿತು. ನನಗೆ ಇದ್ಯಾವುದೂ ಆಗ ಗೊತ್ತಿರಲಿಲ್ಲ. ರಕ್ಷಾಪುಟದ ಒಳಗೆ ಯಾವುದೋ ಮಗುವಿನ ಹೆಸರು, ತರಗತಿ, ಸೆಕ್ಷನ್ ಬರೆದಿತ್ತು, ಅಷ್ಟೆ.

ಬಸ್ಸು ಹಿರಿಯೂರು ದಾಟುವ ಹೊತ್ತಿಗೆ ಇಪ್ಪತ್ತು ಪುಟ ಓದಿದ್ದೆ. ಆಮೇಲೆ ದಿನಾ ರಾತ್ರಿ ನಾಲ್ಕೈದು ಪುಟ, ಪಕ್ಕದಲ್ಲಿ ಡಿಕ್ಷನರಿ ಇಟ್ಟುಕೊಂಡು.

ಕಥೆ ಟೆಕ್ಸಾಸಿನದು. ಸ್ಟ್ಯಾನ್ಲಿ ಅಂತ ಒಬ್ಬ ಹುಡುಗ. ದಪ್ಪಗಿದ್ದಾನೆ, ಶಾಲೆಯಲ್ಲಿ ಅವನಿಗಿಂತ ಚಿಕ್ಕ ಹುಡುಗನೇ ಅವನನ್ನು ಗೋಳು ಹುಯ್ದುಕೊಳ್ಳುತ್ತಾನೆ, ಸ್ನೇಹಿತರಿಲ್ಲ. ಒಂದು ದಿನ ನಡೆದು ಮನೆಗೆ ಹೋಗುತ್ತಿರುವಾಗ ಮೇಲಿನಿಂದ ಒಂದು ಜೊತೆ ಶೂ ತಲೆಯ ಮೇಲೆ ಬೀಳುತ್ತದೆ. ಅವು ಒಬ್ಬ ಪ್ರಸಿದ್ಧ ಬೇಸ್‌ಬಾಲ್ ಆಟಗಾರನವು. ಮನೆಯಿಲ್ಲದವರ ಆಶ್ರಯತಾಣಕ್ಕೆ ಹಣ ಕೂಡಿಸಲು ಹರಾಜಿಗಿಟ್ಟಿದ್ದವು, ಅಲ್ಲಿಂದ ಕಳುವಾಗಿದ್ದವು. ಇವನೇ ಕಳ್ಳ ಅಂತ ತೀರ್ಮಾನವಾಗುತ್ತದೆ. ಜೈಲೋ, ಇಲ್ಲ ಕ್ಯಾಂಪ್ ಗ್ರೀನ್ ಲೇಕೋ ಆರಿಸಿಕೋ ಅನ್ನುತ್ತಾರೆ ಜಡ್ಜ್. ಹಸಿರು ಕೆರೆಯ ಶಿಬಿರ! ಬಡವರ ಮನೆ ಹುಡುಗ, ಯಾವತ್ತೂ ಶಿಬಿರ ನೋಡಿದವನಲ್ಲ, ಒಪ್ಪಿಕೊಳ್ಳುತ್ತಾನೆ. ಹದಿನೆಂಟು ತಿಂಗಳ ಶಿಕ್ಷೆ. ಹೋಗಿ ನೋಡಿದರೆ ಹಸಿರೂ ಇಲ್ಲ, ಕೆರೆಯೂ ಇಲ್ಲ. ನೂರು ವರ್ಷದ ಹಿಂದೆ ಟೆಕ್ಸಾಸಿಗೇ ದೊಡ್ಡ ಕೆರೆಯಾಗಿದ್ದದ್ದು ಈಗ ಒಣಗಿ ಬಿರುಕು ಬಿಟ್ಟ ಬಯಲು. ಆ ಬಯಲಿನಲ್ಲಿ ಒಬ್ಬೊಬ್ಬ ಹುಡುಗನೂ ದಿನಕ್ಕೊಂದು ಗುಂಡಿ ತೆಗೆಯಬೇಕು. ಐದಡಿ ಆಳ, ಐದಡಿ ಅಗಲ. ಬೆಳಗಿನ ಜಾವ ನಾಲ್ಕೂವರೆಗೆ ಎಬ್ಬಿಸುತ್ತಾರೆ. ಶಿಬಿರಕ್ಕೆ ಬೇಲಿಯೇ ಇಲ್ಲ. ಸುತ್ತ ಎಷ್ಟೋ ಮೈಲಿಯವರೆಗೆ ನೀರಿರುವುದು ಅಲ್ಲಿ ಮಾತ್ರ, ಓಡಿ ಹೋಗಿ ಯಾರೂ ಬದುಕುವುದಿಲ್ಲ.

ಚಳ್ಳಕೆರೆ ಸೀಮೆಯವನಿಗೆ ಒಣಗಿದ ಕೆರೆಯನ್ನು ಡಿಕ್ಷನರಿಯಲ್ಲಿ ಹುಡುಕಬೇಕಾಗಿ ಬರಲಿಲ್ಲ.

ಗುಂಡಿಯ ಪುಟಗಳಿಗೆ ಬಂದಾಗ ಗಿಡ್ಡ ನೆನಪಾದ. ಅವನ ಕೆಲಸವೇ ಅದು. ಕಂಬಕ್ಕೆ ಗುಂಡಿ, ಕೇಬಲ್‌ಗೆ ಚರಂಡಿ, ದಾಳಿಂಬೆ ಸಸಿಗೆ ಎರಡಡಿ ಎರಡಡಿ ಗುಂಡಿ. ಜೆಸಿಬಿ ಬಂದ ಮೇಲೆ ಕೆಲಸ ಕಮ್ಮಿಯಾಗಿದೆ, ಆದರೂ ಜೆಸಿಬಿ ನುಗ್ಗಲಾಗದ ಕಡೆ ಇವನೇ ಬೇಕು. ಅವನಿಗೆ ಗುಂಡಿಗಿಷ್ಟು ಅಂತ ಕೂಲಿ, ನನಗೆ ಸುದ್ದಿಗಿಷ್ಟು ಅಂತ ಸಂಭಾವನೆ. ಒಂದು ಸಲ ಇದನ್ನು ಅವನಿಗೆ ಹೇಳಿದಾಗ, "ನನಗೆ ಗುಂಡಿ ತೆಗೆದ ದಿನವೇ ಕೊಡ್ತಾರಪ್ಪ" ಅಂದಿದ್ದ. ನಮ್ಮ ಜಿಲ್ಲೆಯ ಸ್ಟ್ರಿಂಗರ್‌ಗಳೆಲ್ಲ ಇದನ್ನು ಓದಿ ನಗಬಹುದು.

ಆ ರಾತ್ರಿ ಅವನಿಗೆ ವಾಟ್ಸ್ಯಾಪ್‌ನಲ್ಲಿ ವಾಯ್ಸ್ ಮೆಸೇಜ್ ಕಳಿಸಿದೆ. ನಮ್ಮ ಮಾತುಕತೆ ಇರುವುದೇ ಹಾಗೆ, ಎಲ್ಲಾ ಬಾಯಲ್ಲೇ. "ಐದಡಿ ಆಳ, ಐದಡಿ ಅಗಲ, ದುಂಡನೆ ಗುಂಡಿ, ಗಟ್ಟಿ ನೆಲ. ಹುಡುಗ ಒಂದು ದಿನದಲ್ಲಿ ತೆಗೀತಾನಾ?" ಬೆಳಿಗ್ಗೆ ಉತ್ತರ ಬಂತು, ಹಿಂದೆ ಯಾರದ್ದೋ ಟ್ರ್ಯಾಕ್ಟರ್ ಸದ್ದು. "ಯಾವ ಬೇವರ್ಸಿ ತೆಗೆಸ್ತಾನಲೇ ಹುಡುಗರ ಕೈಲಿ? ಮಣ್ಣು ಎಲ್ಲಿಗೆ ಹಾಕ್ತಾರಂತೆ?"

ಅದೇ ಪ್ರಶ್ನೆ ಪುಸ್ತಕದಲ್ಲೂ ಇದೆ. ಮೊದಲ ದಿನ ಸ್ಟ್ಯಾನ್ಲಿ ಮಣ್ಣನ್ನು ಗುಂಡಿಗೆ ತೀರಾ ಹತ್ತಿರ ಹಾಕುತ್ತಾನೆ. ಗುಂಡಿ ಅಗಲ ಮಾಡಬೇಕಾದಾಗ, ತೆಗೆದ ಮಣ್ಣನ್ನೇ ಮತ್ತೆ ತೆಗೆಯಬೇಕಾಗುತ್ತದೆ. ಸಲಿಕೆಯ ಉದ್ದವೇ ಐದಡಿ, ಅದರಲ್ಲೇ ಅಳತೆ. ಹುಡುಗರ ಮುಖಂಡನೊಬ್ಬ ಕೂದಲೆಳೆಯಷ್ಟು ಗಿಡ್ಡದಾದ ಒಂದು ಸಲಿಕೆಯನ್ನು ತನ್ನದೇ ಅಂತ ಇಟ್ಟುಕೊಂಡಿದ್ದಾನೆ. ಸಲಿಕೆ ಗಿಡ್ಡವಾದರೆ ಗುಂಡಿಯೂ ಸಣ್ಣದಾಗುತ್ತದಲ್ಲ! ಇದನ್ನು ಕೇಳಿ ಗಿಡ್ಡ ನಕ್ಕ ನಗು ಪೂರ್ತಿ ಒಂದು ನಿಮಿಷದ ಮೆಸೇಜ್ ಆಗಿತ್ತು. "ಬರೆದವನು ಗುಂಡಿ ತೆಗೆದಿದ್ದಾನೆ ಕಣಲೇ" ಅಂದ. ಸಾಕರ್ ಕಾನೂನು ಓದಿದವರು. ಟೆಕ್ಸಾಸಿನ ಆಸ್ಟಿನ್ ಊರಿನ ಬೇಸಿಗೆಯ ಧಗೆಯೇ ಈ ಕಥೆಗೆ ಮೂಲವಂತೆ. ಇರಲಿ, ಗಿಡ್ಡನ ಸರ್ಟಿಫಿಕೇಟ್ ಸಣ್ಣದಲ್ಲ.

ಅಲ್ಲಿಂದ ಅದು ಅಭ್ಯಾಸವಾಯಿತು. ನಾನು ರಾತ್ರಿ ಓದಿದ್ದನ್ನು ಕನ್ನಡದಲ್ಲಿ ಹೇಳಿ ಕಳಿಸುವುದು, ಅವನು ಮರುದಿನ ಕೆಲಸದ ಜಾಗದಿಂದ ಉತ್ತರ ಕೊಡುವುದು. ಅವನ ಜೊತೆ ಕೆಲಸ ಮಾಡುವ ಇಬ್ಬರು ಮೂವರು ಕೂಡ ಕೇಳಿಸಿಕೊಳ್ಳುತ್ತಿದ್ದರು. "ಎರಡನೇ ದಿನ ಹೆಂಗಿತ್ತು, ಕೇಳು" ಅಂತ ಒಬ್ಬ ಹಿಂದಿನಿಂದ ಕೂಗಿದ್ದು ನನಗೂ ಕೇಳಿಸಿತು. ಮೊದಲ ದಿನದ ಗುಂಡಿಯೇ ಕಷ್ಟದ್ದು ಅಂತ ಸ್ಟ್ಯಾನ್ಲಿಗೆ ಉಳಿದ ಹುಡುಗರು ಹೇಳಿರುತ್ತಾರೆ. ಮರುದಿನ ನೋಡಿದರೆ ಎರಡನೆಯದೇ ಕಷ್ಟದ್ದು ಅನ್ನುತ್ತಾರೆ. ಬೊಬ್ಬೆ ಒಡೆದ ಕೈಯಲ್ಲಿ ಹಿಡಿ ಹಿಡಿಯಬೇಕಲ್ಲ.

ಈಗ ಜೀರೋ ಬಗ್ಗೆ ಹೇಳಬೇಕು. ಆ ಗುಡಾರದಲ್ಲಿ ಎಲ್ಲರಿಗಿಂತ ಚಿಕ್ಕವನು, ಎಲ್ಲರಿಗಿಂತ ಬೇಗ ಗುಂಡಿ ಮುಗಿಸುವವನು, ಯಾರ ಜೊತೆಯೂ ಮಾತಾಡದವನು. ಮಾತಾಡದ ಕಾರಣ ತಲೆಯಲ್ಲಿ ಏನೂ ಇಲ್ಲ ಅಂತ ಎಲ್ಲರೂ ತೀರ್ಮಾನಿಸಿಬಿಟ್ಟಿದ್ದಾರೆ. ಜೀರೋ ಅಂದರೆ ಸೊನ್ನೆ. ಶಿಬಿರದ ಸಲಹೆಗಾರನೇ ಎಲ್ಲರ ಮುಂದೆ ಅದನ್ನು ಹೇಳಿ ಹೀಯಾಳಿಸುತ್ತಾನೆ. ಸ್ಟ್ಯಾನ್ಲಿಗೆ ಬಂದಾಗಿನಿಂದ ಯಾರೂ ಕೇಳದ ಒಂದು ಪ್ರಶ್ನೆಯನ್ನು ಈ ಹುಡುಗ ಕೇಳುತ್ತಾನೆ. ಆ ಶೂಗಳ ಹಿಂಭಾಗದಲ್ಲಿ ಕೆಂಪು ಗುರುತು ಇತ್ತಾ, ಅಂತ. ಯಾಕೆ ಕೇಳಿದ ಅನ್ನುವುದು ಬಹಳ ಮುಂದೆ ಗೊತ್ತಾಗುತ್ತದೆ.

ಸ್ಟ್ಯಾನ್ಲಿ ಮನೆಗೆ ಕಾಗದ ಬರೆಯುವಾಗ ಜೀರೋ ಹಿಂದೆ ನಿಂತು ನೋಡುತ್ತಾನೆ. ಆಮೇಲೆ ತನಗೂ ಓದುವುದು ಬರೆಯುವುದು ಕಲಿಸು ಅನ್ನುತ್ತಾನೆ. ಸ್ಟ್ಯಾನ್ಲಿ ಆಗುವುದಿಲ್ಲ ಅನ್ನುತ್ತಾನೆ. ಸುಸ್ತಾಗಿದ್ದಾನೆ, ಇರುವಷ್ಟು ಶಕ್ತಿ ಗುಂಡಿಗೆ ಬೇಕು. ನೆಪವಲ್ಲ, ನಿಜವೇ.

ಈ ಒಂದೂವರೆ ಪುಟವನ್ನು ನಾನು ಗಿಡ್ಡನಿಗೆ ಹೇಳಲಿಲ್ಲ. "ಜೀರೋ ಕಲಿಸು ಅಂದ, ಸ್ಟ್ಯಾನ್ಲಿ ಕಲಿಸೋಕೆ ಶುರು ಮಾಡಿದ" ಅಂತ ಹಾರಿಸಿಬಿಟ್ಟೆ. ಮೆಸೇಜ್ ಕಳಿಸಿ ದೀಪ ಆರಿಸಿದೆ. ನಿದ್ದೆ ಬರಲಿಲ್ಲ.

ಯಾಕೆ ಅಂತ ಹೇಳುತ್ತೇನೆ. ಗಿಡ್ಡ ಮತ್ತು ನಾನು ನಾಲ್ಕನೇ ತರಗತಿವರೆಗೆ ಒಂದೇ ಬೆಂಚು. ಆ ವರ್ಷ ಅವರಪ್ಪ ತೀರಿಕೊಂಡರು, ಇವನನ್ನು ಕುರಿ ಕಾಯಲು ಜೀತಕ್ಕಿದ್ದ ಹಾಗೆ ಯಾರದ್ದೋ ಮನೆಗೆ ಬಿಟ್ಟರು. ಕಲಿತಿದ್ದ ಅಕ್ಷರ ಹತ್ತು ವರ್ಷದಲ್ಲಿ ಉದುರಿಹೋದವು. ಉಳಿದದ್ದು ಸಹಿ ಒಂದೇ. ಅದೂ ಅವನಿಗೆ ಅಕ್ಷರವಲ್ಲ, ಚಿತ್ರ. ರಂಗೋಲಿ ಎಳೆದ ಹಾಗೆ ಎಳೆಯುತ್ತಾನೆ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75 ಅಂತ ಬಂದಾಗ ಸುದ್ದಿ ಓದಿದ್ದೆ. ಮನೆಗೆ ಬಂದ ಗಣತಿಯವರು ಇವನನ್ನು ಯಾವ ಕಡೆ ಬರೆದುಕೊಂಡರೋ. ಸಹಿ ಹಾಕುವವರನ್ನೆಲ್ಲ ಓದು ಬಲ್ಲವರು ಅಂದುಕೊಳ್ಳುವುದು ನಮ್ಮಲ್ಲಿ ರೂಢಿ.

ನಾನು ಜರ್ನಲಿಸಂ ಡಿಪ್ಲೊಮಾಗೆ ಸೇರುವಾಗ ಫೀಸಿಗೆ ಮೂರು ಸಾವಿರ ಕಮ್ಮಿ ಬಿತ್ತು. ಕೊಟ್ಟವನು ಗಿಡ್ಡ. ಯಾರದ್ದೋ ತೋಟದಲ್ಲಿ ಗುಂಡಿ ತೆಗೆದ ದುಡ್ಡು, ನೋಟುಗಳಲ್ಲಿ ಮಣ್ಣಿತ್ತು. ಕೋರ್ಸ್ ಮುಗಿಯುವ ಮುಂಚೆ ಒಂದು ಸಲ ನಾನಿದ್ದ ರೂಮಿಗೆ ಬಂದಿದ್ದ. ರಾತ್ರಿ ಮಲಗುವಾಗ, ಗೋಡೆ ಕಡೆ ಮುಖ ಮಾಡಿಕೊಂಡೇ ಕೇಳಿದ. "ನನಗೂ ಓದೋಕೆ ಕಲಿಸ್ತೀಯೇನಲೇ? ಬಸ್ ಬೋರ್ಡ್ ಓದೋವಷ್ಟು ಬಂದ್ರೆ ಸಾಕು." ನಾನು ಅಂದೆ, "ಪರೀಕ್ಷೆ ಮುಗೀಲಿ, ನೋಡಣ."

ಪರೀಕ್ಷೆ ಮುಗಿಯಿತು. ಕೆಲಸ ಸಿಕ್ಕಿತು, ಮದುವೆ ಆಯಿತು, ಚುನಾವಣೆಗಳು ಬಂದು ಹೋದವು. ಅವನು ಎರಡನೇ ಸಲ ಕೇಳಲಿಲ್ಲ.

ಆಮೇಲೆ ಒಂದು ವರ್ಷ ಅವನು ಒಬ್ಬ ಮೇಸ್ತ್ರಿಯ ಸಾಲಕ್ಕೆ ಸಾಕ್ಷಿ ಅಂತ ಸಹಿ ಹಾಕಿದ. ಸಾಕ್ಷಿ ಅಂತ ಅವನಿಗೆ ಹೇಳಿದ್ದು, ಕಾಗದದಲ್ಲಿದ್ದದ್ದು ಜಾಮೀನು. ಮೇಸ್ತ್ರಿ ಊರು ಬಿಟ್ಟ. ನಲವತ್ತು ಸಾವಿರ ಇವನ ತಲೆಗೆ ಬಂತು, ತೀರಿಸಲು ಎರಡು ವರ್ಷ ಹಿಡಿಯಿತು. "ಕಾಗದ ನಿನಗೆ ತೋರಿಸ್ಬೇಕು ಅಂದ್ಕಂಡೆ, ನೀನು ಎಲೆಕ್ಷನ್ ಬಿಜೀಲಿದ್ದೆ" ಅಂದ. ಅಷ್ಟೇ ಅಂದದ್ದು. ಪುಸ್ತಕದಲ್ಲಿ ಒಬ್ಬ ಇನ್ನೊಬ್ಬನ ಗುಂಡಿ ತೆಗೆಯುತ್ತಾನೆ, ಇನ್ನೊಬ್ಬ ಅವನಿಗೆ ಅಕ್ಷರ ಕಲಿಸುತ್ತಾನೆ. ನಮ್ಮದರಲ್ಲಿ ಗುಂಡಿ ತೆಗೆಯುವ ಪಾಲು ಮಾತ್ರ ಆಗಿತ್ತು.

ಕಥೆಗೆ ಬರೋಣ. ಒಂದು ದಿನ ಸ್ಟ್ಯಾನ್ಲಿ ಮಾಡದ ತಪ್ಪನ್ನು ತನ್ನ ಮೇಲೆ ಹಾಕಿಕೊಂಡು ಶಿಬಿರದ ಮುಖ್ಯಸ್ಥೆಯ ಹತ್ತಿರ ಹೋಗಬೇಕಾಗುತ್ತದೆ. ಆಕೆ ಉಗುರಿನ ಬಣ್ಣಕ್ಕೆ ಹಾವಿನ ವಿಷ ಬೆರೆಸಿಕೊಳ್ಳುವ ಹೆಂಗಸು. ವಾಪಸ್ ಬಂದು ನೋಡಿದರೆ ಅವನ ಗುಂಡಿ ಬಹುಪಾಲು ಮುಗಿದಿದೆ. ಜೀರೋ ತೆಗೆದಿದ್ದಾನೆ. ಆಗ ಇಬ್ಬರಿಗೂ ಒಪ್ಪಂದವಾಗುತ್ತದೆ. ದಿನಾ ಸ್ವಲ್ಪ ಹೊತ್ತು ಜೀರೋ ಇವನ ಗುಂಡಿ ತೆಗೆಯುವುದು, ಇವನು ದಣಿಯದೆ ಪಾಠ ಹೇಳುವುದು. ಇಂಗ್ಲಿಷಿನ ಇಪ್ಪತ್ತಾರು ಅಕ್ಷರವನ್ನು ದಿನಕ್ಕೆ ಐದರಂತೆ ಐದು ದಿನ ಅಂತ ಸ್ಟ್ಯಾನ್ಲಿ ಲೆಕ್ಕ ಹೇಳಿದರೆ, ಕೊನೆಯ ದಿನ ಆರಾಗುತ್ತದೆ ಅಂತ ಜೀರೋ ತಕ್ಷಣ ತಿದ್ದುತ್ತಾನೆ. ತಲೆಯಲ್ಲಿ ಏನೂ ಇಲ್ಲದವನು! ಹೆಸರು ಬರೆಯುವುದನ್ನು ಹೇಳಿಕೊಡುವಾಗ ಇನ್ನೊಂದು ಗೊತ್ತಾಗುತ್ತದೆ. ಅವನ ಹೆಸರು ಹೆಕ್ಟರ್ ಜೆರೋನಿ. ಅದನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

ನನಗೆ ಈ ಕಾದಂಬರಿಯಲ್ಲಿ ಇಷ್ಟವಾದದ್ದು ಈ ಲೇವಾದೇವಿ. ಅವರಿಬ್ಬರೂ ಒಬ್ಬರ ಮೇಲೊಬ್ಬರು ಕನಿಕರಪಟ್ಟು ಗೆಳೆಯರಾಗಲಿಲ್ಲ. ನಿನಗೆ ಇದು ಬೇಕು, ನನಗೆ ಅದು ಬೇಕು ಅಂತ ಶುರುವಾಯಿತು. ನಮ್ಮ ಕಡೆ ಮುಯ್ಯಾಳು ಅನ್ನುತ್ತೇವಲ್ಲ, ಇವತ್ತು ನಿಮ್ಮ ಹೊಲದಲ್ಲಿ ನಾನು, ನಾಳೆ ನಮ್ಮ ಹೊಲದಲ್ಲಿ ನೀನು, ಹಾಗೆ. ಮುಯ್ಯಲ್ಲಿ ಯಾರೂ ದೊಡ್ಡವರಲ್ಲ, ಚಿಕ್ಕವರಲ್ಲ. ಕಲಿಸುವವನು ಉಪಕಾರ ಮಾಡುತ್ತಿದ್ದೇನೆ ಅಂದುಕೊಂಡ ಕೂಡಲೇ ಕಲಿಯುವವನ ತಲೆ ಬಗ್ಗುತ್ತದೆ. ಜೀರೋ ತಲೆ ಬಗ್ಗಿಸುವುದಿಲ್ಲ.

ಉಳಿದ ಹುಡುಗರಿಗೆ ಇದು ಸಹಿಸುವುದಿಲ್ಲ. ಸ್ಟ್ಯಾನ್ಲಿ ಬಿಳಿಯ, ಜೀರೋ ಕರಿಯ. ಬಿಳಿಯ ಕೂತಿದ್ದಾನೆ, ಕರಿಯ ಗುಂಡಿ ತೆಗೆಯುತ್ತಿದ್ದಾನೆ ಅಂತ ಚುಚ್ಚುತ್ತಾರೆ. ಅವರು ಹೇಳುವುದು ಪೂರ್ತಿ ಸುಳ್ಳೂ ಅಲ್ಲ, ನೋಡಿದರೆ ಹಾಗೇ ಕಾಣುತ್ತದೆ. ಲೇಖಕರು ಇದನ್ನು ಮುಚ್ಚಿಡದೆ ಬರೆದಿದ್ದಾರೆ. ಆ ಕೆರೆ ಯಾಕೆ ಬತ್ತಿತು ಅನ್ನುವ ಹಳೆಯ ಕಥೆಯೂ ನಡುನಡುವೆ ಬರುತ್ತದೆ. ಈರುಳ್ಳಿ ಮಾರುವ ಕರಿಯ ಸ್ಯಾಮ್, ಶಾಲೆಯ ಬಿಳಿಯ ಮೇಡಂ ಕ್ಯಾಥರೀನ್. ಅವನು ಶಾಲೆಯ ಸೋರುವ ಸೂರು, ಮುರಿದ ಕಿಟಕಿ ಎಲ್ಲವನ್ನೂ ಸರಿ ಮಾಡಿಕೊಡುತ್ತಾನೆ. ಇಬ್ಬರೂ ಪ್ರೀತಿಸುತ್ತಾರೆ. ಊರು ಶಾಲೆಗೆ ಬೆಂಕಿ ಇಡುತ್ತದೆ, ಅವನನ್ನು ಕೊಲ್ಲುತ್ತದೆ. ಅಂದಿನಿಂದ ಅಲ್ಲಿ ಮಳೆ ಬಿದ್ದಿಲ್ಲ. ಇದು ಕಟ್ಟುಕಥೆ, ಆದರೆ ಕರಿಯರು ಬಿಳಿಯರು ಮದುವೆಯಾಗಬಾರದು ಎಂಬ ಕಾನೂನು ಟೆಕ್ಸಾಸಿನಲ್ಲಿ 1967ರವರೆಗೂ ಇತ್ತು. ಅಮೆರಿಕದ ಸುಪ್ರೀಂ ಕೋರ್ಟ್ ಆ ವರ್ಷ ಅದನ್ನು ತೆಗೆದುಹಾಕಿತು. ಗಿಡ್ಡನಿಗೆ ಈ ಭಾಗ ಹೇಳಿದಾಗ ಅವನೇನೂ ಆಶ್ಚರ್ಯಪಡಲಿಲ್ಲ. "ಅಲ್ಲೂ ಹಂಗೇನಾ" ಅಂದ. ಊರಲ್ಲಿರುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕೊನೆಗೆ ಜಗಳವಾಗುತ್ತದೆ, ಪಾಠದ ವಿಷಯ ಬಯಲಾಗುತ್ತದೆ. ಇನ್ನು ಮೇಲೆ ಓದು ಬರಹ ಬಂದ್, ಅವರವರ ಗುಂಡಿ ಅವರವರೇ ತೆಗೆಯಬೇಕು ಅಂತ ಆಜ್ಞೆ. ಸಲಹೆಗಾರ ಎಲ್ಲರೆದುರು ಜೀರೋಗೆ ಸಣ್ಣ ಸಣ್ಣ ಪದ ಕೇಳಿ ಅವಮಾನ ಮಾಡುತ್ತಾನೆ, ನೀನು ಇರುವುದೇ ಅಗೆಯಲಿಕ್ಕೆ ಅನ್ನುವ ಅರ್ಥದಲ್ಲಿ ಸಲಿಕೆ ಕೈಗಿಡುತ್ತಾನೆ. ಹುಡುಗ ಅದೇ ಸಲಿಕೆಯಿಂದ ಅವನ ಮುಖಕ್ಕೆ ಬೀಸಿ, ನೀರಿಲ್ಲದ ಬಯಲಿಗೆ ನಡೆದುಬಿಡುತ್ತಾನೆ.

ಯಾರೂ ಹುಡುಕಲು ಹೋಗುವುದಿಲ್ಲ. ಅವನಿಗೆ ಮನೆಯಿಲ್ಲ, ಕೇಳುವವರಿಲ್ಲ. ಅವನು ಅಲ್ಲಿದ್ದ ಅನ್ನುವ ಕಡತಗಳನ್ನೇ ನಾಶ ಮಾಡಿಸುತ್ತಾರೆ. ಇದನ್ನು ಹೇಳಿದ ಮರುದಿನ ಗಿಡ್ಡ ಬಹಳ ಹೊತ್ತು ಉತ್ತರ ಕಳಿಸಲಿಲ್ಲ. ಸಂಜೆ ಬಂತು. "ಆಧಾರ್ ಇರ್ಲಿಲ್ವೇನಲೇ ಅವನಿಗೆ?" ನಗು ಬಂತು. ಆಮೇಲೆ ಅದು ತಮಾಷೆಯಲ್ಲ ಅಂತ ಗೊತ್ತಾಯಿತು. ರೇಷನ್ ಕಾರ್ಡಿನಲ್ಲಿ ಹೆಸರು ತಪ್ಪಾಗಿ ಬಂದು, ಅದನ್ನು ಸರಿ ಮಾಡಿಸಲು ಅವನು ಎಷ್ಟು ಸಲ ತಾಲ್ಲೂಕು ಕಚೇರಿಗೆ ಅಲೆದಿದ್ದಾನೆ ಅಂತ ನನಗೆ ಗೊತ್ತಿದೆ. ತಪ್ಪು ಏನು ಅಂತ ಅವನಿಗೆ ಕಾಣುತ್ತಿರಲಿಲ್ಲ, ತಪ್ಪಿದೆ ಅಂತ ಬೇರೆಯವರು ಹೇಳಬೇಕಿತ್ತು.

ಕೆಲವು ದಿನ ಕಳೆದ ಮೇಲೆ ಸ್ಟ್ಯಾನ್ಲಿ ನೀರಿನ ಟ್ರಕ್ಕನ್ನು ಕದ್ದು ಓಡಿಸುತ್ತಾನೆ. ಸ್ವಲ್ಪ ದೂರದಲ್ಲೇ ಅದು ಒಂದು ಗುಂಡಿಗೆ ಬೀಳುತ್ತದೆ. ಇಳಿದು ನಡೆಯುತ್ತಾನೆ. ಖಾಲಿ ನೀರಿನ ಬಾಟಲಿ, ಬಿಸಿಲು. ಒಣಗಿದ ಕೆರೆಯ ನಡುವೆ ಬೋರಲು ಬಿದ್ದ ಹಳೆಯ ದೋಣಿಯ ಕೆಳಗೆ ಜೀರೋ ಬದುಕಿದ್ದಾನೆ. ನೂರು ವರ್ಷದ ಹಿಂದೆ ಜಾಡಿಯಲ್ಲಿ ಹಾಕಿಟ್ಟ ಹಣ್ಣಿನ ರಸ ಕುಡಿದುಕೊಂಡು. ವಾಪಸ್ ಹೋಗೋಣ ಅಂದರೆ ಜೀರೋ ಒಪ್ಪುವುದಿಲ್ಲ. ದೂರದಲ್ಲಿ ಹೆಬ್ಬೆಟ್ಟು ಎತ್ತಿದ ಹಾಗೆ ಕಾಣುವ ಒಂದು ಬೆಟ್ಟ. ಅತ್ತ ಹೋಗುತ್ತಾರೆ. ದಾರಿಯಲ್ಲಿ ಜೀರೋ ಹೊಟ್ಟೆನೋವಿನಿಂದ ಕುಸಿಯುತ್ತಾನೆ. ಸ್ಟ್ಯಾನ್ಲಿ ಅವನನ್ನು ಹೊತ್ತು ಬೆಟ್ಟ ಹತ್ತುತ್ತಾನೆ. ಗುಂಡಿ ತೆಗೆದು ತೆಗೆದು ಗಟ್ಟಿಯಾದ ಮೈ. ಮೇಲೆ ಕೆಸರು ಸಿಗುತ್ತದೆ, ಕೈಯಲ್ಲಿ ತೋಡಿದರೆ ನೀರು. ಜೊತೆಗೆ ಈರುಳ್ಳಿ. ಸ್ಯಾಮ್ ಬೆಳೆಯುತ್ತಿದ್ದ ಜಾಗ ಅದು. ವಾರವಿಡೀ ಇಬ್ಬರೂ ಹಸಿ ಈರುಳ್ಳಿ ತಿಂದು ಚೇತರಿಸಿಕೊಳ್ಳುತ್ತಾರೆ.

"ನೂರು ವರ್ಷ ಈರುಳ್ಳಿ ತಂತಾನೇ ಬೆಳ್ಕೊಂತಾ?" ಗಿಡ್ಡನ ಅನುಮಾನ. ನಮ್ಮದು ಈರುಳ್ಳಿ ಬೆಳೆಯುವ ಜಿಲ್ಲೆ, ಇಂಥದ್ದನ್ನು ಯಾರೂ ಸುಮ್ಮನೆ ನಂಬುವುದಿಲ್ಲ. ನನಗೂ ಈ ಕಾದಂಬರಿಯ ಕೆಲವು ಕಡೆ ಹಾಗೇ ಅನ್ನಿಸಿತು. ಎಲ್ಲವೂ ಎಲ್ಲದಕ್ಕೂ ಗಂಟು ಬೀಳುತ್ತದೆ. ಸ್ಟ್ಯಾನ್ಲಿಯ ಅಜ್ಜನ ತಂದೆಯ ತಂದೆ, ಜೀರೋ ವಂಶದ ಒಬ್ಬ ಅಜ್ಜಿಯನ್ನು ಬೆಟ್ಟಕ್ಕೆ ಹೊತ್ತೊಯ್ಯುತ್ತೇನೆ ಅಂತ ಮಾತು ಕೊಟ್ಟು ತಪ್ಪಿರುತ್ತಾನೆ. ಆ ಶಾಪ ಈಗ ತೀರುತ್ತದೆ. ಮಳೆಯೂ ಬರುತ್ತದೆ. ಚೆನ್ನಾಗಿದೆ, ಅಜ್ಜಿ ಕಥೆಯ ಹಾಗೆ. ಆದರೆ ಹೊರುವಾಗ ಸ್ಟ್ಯಾನ್ಲಿಗೆ ಶಾಪದ ವಿಷಯ ತಲೆಯಲ್ಲೇ ಇರಲಿಲ್ಲ. ಭಾರ ಮಾತ್ರ ಗೊತ್ತಿತ್ತು.

ಬೆಟ್ಟದ ಮೇಲೆ ಜೀರೋ ಒಂದು ಸತ್ಯ ಹೇಳುತ್ತಾನೆ. ಶೂ ಕದ್ದವನು ತಾನೇ. ಮನೆಯಿಲ್ಲದ ಹುಡುಗ, ಆಶ್ರಯತಾಣದಲ್ಲಿದ್ದ. ಅವು ಯಾರೋ ದೊಡ್ಡ ಆಟಗಾರನವು ಅಂತ ಅವನಿಗೆ ಗೊತ್ತೇ ಇರಲಿಲ್ಲ. ಹೊಸ ಶೂ ಕದಿಯುವುದಕ್ಕಿಂತ ಹಳೆಯದನ್ನು ತೆಗೆದುಕೊಳ್ಳುವುದು ಮೇಲು ಅಂದುಕೊಂಡಿದ್ದ. ಇಷ್ಟು ದಿನ ಪಾಠ ಹೇಳಿಕೊಟ್ಟವನು ತನ್ನ ತಪ್ಪಿಗೆ ಶಿಕ್ಷೆ ಅನುಭವಿಸುತ್ತಿದ್ದಾನೆ ಅಂತ ಗೊತ್ತಿದ್ದೂ ಹೇಳಲಾಗದೆ ಇದ್ದ. ಸ್ಟ್ಯಾನ್ಲಿಗೆ ಸಿಟ್ಟು ಬರುವುದಿಲ್ಲ. ಆ ಶೂ ಬೀಳದಿದ್ದರೆ ಈ ಗೆಳೆಯ ಸಿಗುತ್ತಿರಲಿಲ್ಲವಲ್ಲ ಅಂತ ಖುಷಿಯಲ್ಲಿ ನಿದ್ದೆ ಬರುವುದಿಲ್ಲ.

ಈ ಪುಟ ಓದಿದ ರಾತ್ರಿ ನಾನೂ ಹೇಳಿಬಿಟ್ಟೆ. ಮೆಸೇಜ್ ಮೂರು ಸಲ ರೆಕಾರ್ಡ್ ಮಾಡಿ ಅಳಿಸಿದೆ. ನಾಲ್ಕನೆಯದನ್ನು ಕಳಿಸಿದೆ. "ಒಂದು ಕಡೆ ನಿನಗೆ ಕಥೆ ತಪ್ಪು ಹೇಳಿದೀನಿ. ಜೀರೋ ಕಲಿಸು ಅಂತ ಕೇಳಿದಾಗ ಸ್ಟ್ಯಾನ್ಲಿ ಮೊದಲು ಆಗಲ್ಲ ಅಂದಿದ್ದ."

ಆ ರಾತ್ರಿಯೇ ಉತ್ತರ ಬಂತು. "ಅವನ ಕೈಯೆಲ್ಲ ಬೊಬ್ಬೆ ಬಂದಿತ್ತಲ್ಲ, ಪಾಪ. ಆಗಲ್ಲ ಅಂದಿರ್ತಾನೆ." ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಬಂತು, ಮೂರು ಸೆಕೆಂಡಿನದು. "ನಿನ್ನ ಕೈಲಿ ಬೊಬ್ಬೆ ಇರ್ಲಿಲ್ಲ."

ಅದಕ್ಕೆ ನಾನು ಏನನ್ನೂ ಕಳಿಸಲಿಲ್ಲ. ನಾಲ್ಕು ದಿನ ಕಥೆ ನಿಂತಿತು. ಐದನೇ ದಿನ ಅವನೇ ಕೇಳಿದ, "ಮುಂದಕ್ಕೆ ಹೇಳೋ."

ಮುಂದಿನದು ಹೇಳಲು ಕಷ್ಟವಾಯಿತು, ಬೇರೆ ಕಾರಣಕ್ಕೆ. ಇಬ್ಬರೂ ರಾತ್ರಿ ಶಿಬಿರಕ್ಕೆ ಕಳ್ಳರ ಹಾಗೆ ಬಂದು, ಮುಖ್ಯಸ್ಥೆ ಇಷ್ಟು ವರ್ಷ ಹುಡುಕಿಸುತ್ತಿದ್ದ ನಿಧಿಯ ಪೆಟ್ಟಿಗೆಯನ್ನು ಅಗೆದು ತೆಗೆಯುತ್ತಾರೆ. ಅಷ್ಟರಲ್ಲಿ ಸಿಕ್ಕಿಬೀಳುತ್ತಾರೆ. ಗುಂಡಿಯ ತುಂಬ ವಿಷದ ಹಲ್ಲಿಗಳು, ಮೈಮೇಲೆಲ್ಲ ಹತ್ತಿವೆ. ಅಲುಗಾಡುವ ಹಾಗಿಲ್ಲ. ಈರುಳ್ಳಿ ತಿಂದ ರಕ್ತ ಅವಕ್ಕೆ ಆಗದು, ಅದಕ್ಕೇ ಕಚ್ಚುತ್ತಿಲ್ಲ. ಸಾವು ಮೈಮೇಲೆ ಹರಿದಾಡುತ್ತಿರುವಾಗ ಜೀರೋ ಒಂದು ಪ್ರಶ್ನೆ ಕೇಳುತ್ತಾನೆ. ನಿನ್ನ ಮನೆತನದ ಹೆಸರು ನಿನ್ನ ಹೆಸರನ್ನೇ ತಿರುಗಿಸಿ ಬರೆದ ಹಾಗಿದೆಯಲ್ಲವಾ, ಅಂತ. ಸ್ಟ್ಯಾನ್ಲಿ ಯೆಲ್ನಾಟ್ಸ್. ಇಂಗ್ಲಿಷಿನಲ್ಲಿ ಒಂದನ್ನು ಹಿಂದಿನಿಂದ ಓದಿದರೆ ಇನ್ನೊಂದು. ಪೆಟ್ಟಿಗೆಯ ಮೇಲೆ ಆ ಹೆಸರು ಬರೆದಿದೆ, ಸ್ಟ್ಯಾನ್ಲಿಯ ಮುತ್ತಜ್ಜನ ಪೆಟ್ಟಿಗೆ ಅದು. ಹುಡುಗ ಹಲ್ಲಿಗಳ ನಡುವೆ ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದ. ಪೆಟ್ಟಿಗೆ ತನ್ನದು ಅಂತ ಮುಖ್ಯಸ್ಥೆ ಹಟ ಹಿಡಿದಾಗ, ಅದರ ಮೇಲೆ ಸ್ಟ್ಯಾನ್ಲಿಯ ಹೆಸರಿದೆ ಅಂತ ಹೇಳುವವನು ಜೀರೋ. ಓದಲು ಬಾರದವನು ಅಂತ ಎಲ್ಲರೂ ನಂಬಿದ್ದ ಹುಡುಗ.

ಇದನ್ನು ಗಿಡ್ಡನಿಗೆ ಬಾಯಲ್ಲಿ ಹೇಗೆ ಹೇಳುವುದು? "ತಿರುಗಿಸಿ ಓದೋದು ಅಂದ್ರೆ?" ಅಂದ. ಎರಡು ಮೆಸೇಜಿನಲ್ಲಿ ವಿವರಿಸಲು ನೋಡಿದೆ, ಆಗಲಿಲ್ಲ. ಅಕ್ಷರ ಕಣ್ಣಿಗೆ ಕಾಣದ ಹೊರತು ಅದು ಅರ್ಥವಾಗುವ ಮಾತಲ್ಲ. "ಬಾಯಲ್ಲಿ ಬರಲ್ಲ ಅಂದ್ರೆ ಬಂದು ತೋರ್ಸು" ಅಂದ.

ಭಾನುವಾರ ಹೋದೆ. ಅವನ ಹಿತ್ತಲಲ್ಲಿ ಕಡ್ಡಿ ತೆಗೆದುಕೊಂಡು ಮಣ್ಣಲ್ಲಿ ಬರೆದೆ. 'ಸರ'. ಇದು ಸ, ಇದು ರ. ಈಗ ಈ ಕಡೆಯಿಂದ ಓದು. "ರ... ಸ. ರಸ." ಒಂದು ಕ್ಷಣ ಸುಮ್ಮನಿದ್ದ. ಆಮೇಲೆ 'ಕನಕ' ಬರೆದೆ. ಆ ಕಡೆಯಿಂದಲೂ ಕನಕ, ಈ ಕಡೆಯಿಂದಲೂ ಕನಕ. ಅದಕ್ಕೆ ಅವನ ಮಗಳು ಓಡಿ ಬಂದಳು. ಐದನೇ ತರಗತಿ, ಅಪ್ಪನಿಗಿಂತ ಜೋರು. "ಇದು ನಂಗೆ ಗೊತ್ತು ಮಾಮಾ, ವಿಕಟಕವಿ" ಅಂದಳು. ಗಿಡ್ಡ ಮಗಳನ್ನು ಒಳಗೆ ಕಳಿಸಿದ. ಅವಳೆದುರಿಗೆ ಕಲಿಯಲು ನಾಚಿಕೆ.

"ನಮ್ಮಲ್ಲಿ ಎಷ್ಟು ಅಕ್ಷರ?" ಅಂದ. ನಲವತ್ತೊಂಬತ್ತು ಅಂದೆ. "ಅವರಿಗೆ ಇಪ್ಪತ್ತಾರೇ ಅಲ್ವಾ? ಅನ್ಯಾಯ." ಕಾಗುಣಿತ, ಒತ್ತಕ್ಷರದ ಮಾತನ್ನು ಆವತ್ತು ಎತ್ತಲಿಲ್ಲ.

ಏಳುವಾಗ ಅವನು ಹಾರೆ, ಸಲಿಕೆ ತಂದು ನನ್ನ ಮುಂದೆ ಹಾಕಿದ. ಪುಕ್ಕಟೆ ಕಲಿಯುವುದಿಲ್ಲವಂತೆ ಅಂದುಕೊಂಡು, "ನೀನು ತೆಗೀಬೇಕು, ಕಥೇಲಿ ಹಾಗೇ ಇರೋದು" ಅಂದೆ. "ನಿನ್ನ ಗುಂಡಿ ನಾನು ಆವಾಗ್ಲೇ ತೆಗ್ದಿದೀನಿ" ಅಂದ. ಹಿತ್ತಲಲ್ಲಿ ನಾಲ್ಕು ತೆಂಗಿನ ಸಸಿ ಇಡಬೇಕಿತ್ತು. ಮೂರಡಿ ಆಳದ್ದು. ಮೊದಲ ಗುಂಡಿಯಲ್ಲಿ ಒಂದಡಿಗೇ ಸುಣ್ಣಗಲ್ಲು ಸಿಕ್ಕಿತು. ಮಣ್ಣನ್ನು ಹತ್ತಿರವೇ ಹಾಕಿದೆ, ಅರ್ಧ ಒಳಗೆ ಜಾರಿತು. ಅವನು ಬೇವಿನ ನೆರಳಲ್ಲಿ ಕೂತು, ಮಗಳ ಸ್ಲೇಟಿನಲ್ಲಿ ಸ ಬರೆಯುತ್ತ, ಒಂದು ಮಾತೂ ಹೇಳದೆ ನೋಡುತ್ತಿದ್ದ. ಸಂಜೆಗೆ ಎರಡೂ ಅಂಗೈಯಲ್ಲಿ ಬೊಬ್ಬೆ. ಮೊದಲ ಗುಂಡಿ ಮುಗಿದಿರಲಿಲ್ಲ.

ಆರು ತಿಂಗಳಾಯಿತು. ಎಲ್ಲ ಭಾನುವಾರವೂ ಆಗುವುದಿಲ್ಲ. ಯಾರಾದರೂ ಮಂತ್ರಿ ಬಂದರೆ, ಅಪಘಾತವಾದರೆ ನನ್ನ ಪಾಠ ತಪ್ಪುತ್ತದೆ. ಆದರೆ ಈಗ ಅವನು ಕೇಳಲು ಹಿಂಜರಿಯುವುದಿಲ್ಲ, "ಹೋದ ವಾರದ್ದು ಬಾಕಿ" ಅನ್ನುತ್ತಾನೆ. ಬರಿಯ ಅಕ್ಷರದ ಪದಗಳು ಬರುತ್ತವೆ. ಗುಣಿತ ನಿಧಾನ. ಒತ್ತಕ್ಷರ ಕಂಡರೆ ಬೈಯುತ್ತಾನೆ. ಮೊನ್ನೆ ಬಸ್ ಸ್ಟ್ಯಾಂಡಿನಿಂದ ಮೆಸೇಜ್ ಕಳಿಸಿದ್ದ. ಚಳ್ಳಕೆರೆ ಬೋರ್ಡನ್ನು ಬಣ್ಣ ನೋಡಿ ಗುರುತಿಸುತ್ತಿದ್ದವನು ಆವತ್ತು ಓದಿದನಂತೆ. "ಳ ಕೆಳಗೆ ಇನ್ನೊಂದು ಳ ಯಾಕೆ ನೇತಾಕಿದಾರೆ? ಒಂದು ಸಾಲ್ದಾ?"

ಇದನ್ನೆಲ್ಲ ಓದಿ ಕೇಳಿಸಿದಾಗ ಅವನು ಕೇಳಿದ್ದು ಒಂದೇ. ಕಥೆಯ ಕೊನೆಯನ್ನು ನಾನು ಸರಿಯಾಗಿ ಹೇಳಿರಲಿಲ್ಲ. ಜೀರೋನ ಅಮ್ಮ ಚಿಕ್ಕಂದಿನಲ್ಲೇ ಅವನನ್ನು ಒಂದು ಪಾರ್ಕಿನಲ್ಲಿ ಬಿಟ್ಟು ಹೋದವಳು ವಾಪಸ್ ಬಂದಿರಲಿಲ್ಲ. ಬಿಡುಗಡೆಯಾದ ಮೇಲೆ ಅವನು ತನ್ನ ಪಾಲಿಗೆ ಬಂದ ದುಡ್ಡಿನಲ್ಲಿ ಅವಳನ್ನು ಹುಡುಕಿಸುತ್ತಾನೆ.

"ಅವ್ವ ಸಿಕ್ಕಳಾ?"

ಕೊನೆಯ ಪುಟದಲ್ಲಿ ಒಬ್ಬ ಹೆಂಗಸು ಅವನ ಹಿಂದೆ ಕೂತು, ತಲೆ ನೇವರಿಸುತ್ತಾ ಒಂದು ಹಳೆಯ ಜೋಗುಳ ಗುನುಗುತ್ತಾಳೆ, ಅವಳು ಯಾರು ಅಂತ ಬರೆದಿಲ್ಲ ಅಂದೆ.

"ಬರೀಬೇಕಾ ಅದನ್ನ?" ಅಂದ. ಆಮೇಲೆ, "ಭಾನುವಾರ ಬಾ, ಮೂರನೇ ಗುಂಡಿ ಬಾಕಿ ಐತೆ."